ಮುಂಗೈ ಮೇಲಿನ ಬಾವು

ಶುಕ್ರವಾರ ಮನೆಮಗಳನ್ನು ಯಾರಾದರೂ ಕಳಿಸಿಕೊಡುತ್ತಾರೆಯೇ? ಶಿವಮೊಗ್ಗೆಯ ದುರ್ಗಿಗುಡಿಯ ಸುಭದ್ರಮ್ಮನವರು ಕೇಳಿದ ಈ ಒಂದು ಪ್ರಶ್ನೆಯಿಂದ ಎಲ್ಲ ಶುರುವಾಯಿತು. ಕೇಳಿದ್ದರಲ್ಲಿ ಅವರ ತಪ್ಪೇನೂ ಇರಲಿಲ್ಲ. ಶುಕ್ರವಾರ ಮಗಳನ್ನು ಹೊರಡಿಸಿದರೆ ಮನೆಯ ಲಕ್ಷ್ಮಿಯೇ ಎದ್ದು ಹೋದ ಹಾಗೆ ಎಂದು ಅವರ ಅತ್ತೆ ಹೇಳಿದ್ದರು, ಅತ್ತೆಗೆ ಅವರ ಅತ್ತೆ ಹೇಳಿದ್ದರು. ಶನಿವಾರ ಆಗದು. ಭಾನುವಾರ ಅಮಾವಾಸ್ಯೆ. ಹೀಗಾಗಿ ಬಾಣಂತನ ಮುಗಿಸಿಕೊಂಡ ಮಗಳು ಜಯಶೀಲಾಳನ್ನೂ ಐದು ತಿಂಗಳ ಮೊಮ್ಮಗನನ್ನೂ ಗುರುವಾರವೇ ಭದ್ರಾವತಿಯ ಬಸ್ಸು ಹತ್ತಿಸುವುದೆಂದು ತೀರ್ಮಾನವಾಯಿತು.

ಆದರೆ ಮಂಗಳವಾರ ಬೀದಿಗೆ ಬಿ.ಸಿ.ಜಿ.ಯವರ ಜೀಪು ಬಂದಿತ್ತು. ಕ್ಷಯ ರೋಗ ಬಾರದಂತೆ ಸೂಜಿ ಹಾಕುತ್ತಾರಂತೆ ಎಂದು ಓಣಿಯ ಹೆಂಗಸರೆಲ್ಲ ಶಾಲೆಯ ಅಂಗಳದಲ್ಲಿ ಸಾಲು ನಿಂತಾಗ ಜಯಶೀಲಾಳೂ ಹೋಗಿ ನಿಂತಳು. ಎಸ್ಸೆಸ್ಸೆಲ್ಸಿವರೆಗೆ ಓದಿದ ಹುಡುಗಿ, ಸೂಜಿ ಕಂಡು ಓಡುವವಳಲ್ಲ. ಎಡ ಮುಂಗೈಗೆ ಚುಚ್ಚಿದ ಮನುಷ್ಯ, "ಇದು ಬರೀ ಪರೀಕ್ಷೆ ಕಣಮ್ಮ, ಶುಕ್ರವಾರ ಬಂದು ಕೈ ತೋರಿಸ್ಬೇಕು, ಮರೀಬೇಡಿ" ಎಂದ. ಮಗುವಿಗೂ ಚುಚ್ಚುತ್ತೇನೆಂದಾಗ ಸುಭದ್ರಮ್ಮ, ಪಯಣ ಹೊರಟ ಕೂಸಿಗೆ ಸೂಜಿಯೇ ಎಂದು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ನಡೆದರು. ಶುಕ್ರವಾರ ಕೈ ತೋರಿಸುವ ವಿಷಯ ಮಗಳು ಎತ್ತಿದಾಗ, "ಭದ್ರಾವತೀಲಿ ಡಾಕ್ಟ್ರಿಗೇನು ಬರಗಾಲವೇ? ಅಲ್ಲೇ ತೋರಿಸ್ಕೊಂಡ್ರಾಯ್ತು" ಎಂದರು. ಆಯಿತು ಅಂದುಕೊಂಡಷ್ಟು ಸುಲಭವಾಗಿ ಆಗಲಿಲ್ಲ.

ಬಸ್ಸು ಮಾಚೇನಹಳ್ಳಿ ದಾಟುವಷ್ಟರಲ್ಲೇ ಮುಂಗೈ ತುರಿಸಲು ಹತ್ತಿತ್ತು. ಭದ್ರಾವತಿಯ ಹೊಸಮನೆಯಲ್ಲಿ ಗಂಡನ ಮನೆಯ ಹೊಸಿಲಲ್ಲಿ ಆರತಿ ಎತ್ತಿಸಿಕೊಂಡು ಒಳಗೆ ಕಾಲಿಡುವಾಗ ಸೂಜಿ ಚುಚ್ಚಿದ ಜಾಗ ಕೆಂಪಗೆ ಗಟ್ಟಿಯಾಗಿ ಎದ್ದು ಕೂತಿತ್ತು. ಅತ್ತೆ ಶಂಕರಮ್ಮನವರ ಕಣ್ಣಿಗೆ ಅದು ಬಿದ್ದದ್ದು ಮಗುವನ್ನು ಇಸಿದುಕೊಳ್ಳುವಾಗ.

"ಮೈಲಿ ಹಾಕಿಸ್ಕೊಂಡ್ಯೇನೆ? ಒಳ್ಳೇದಾಯ್ತು ಬಿಡು, ಚೆನ್ನಾಗಿ ಎದ್ದಿದೆ. ಏಳದೇ ಹೋದ್ರೆ ಹಾಕಿದ್ದೂ ದಂಡ" ಎಂದು ಅವರು ಖುಷಿಯಲ್ಲೇ ಹೇಳಿದರು. ಸಿಡುಬಿಗೆ ಮೈಲಿ ಹಾಕಿಸಿ ಹಾಕಿಸಿ ಆ ಪೀಳಿಗೆಗೆ ಅಷ್ಟು ಗೊತ್ತಿತ್ತು. ಬಾವು ಎದ್ದರೆ ಮೈ ಕೆಲಸ ಮಾಡುತ್ತಿದೆ ಎಂದು ಅರ್ಥ. ಶಂಕರಮ್ಮ ಆ ತಿಳಿವಳಿಕೆಯಲ್ಲೇ ನಿಂತುಬಿಟ್ಟಿದ್ದರೆ ಈ ಕಥೆ ಹೇಳುವ ಕೆಲಸವೇ ನನಗಿರುತ್ತಿರಲಿಲ್ಲ. ಆದರೆ ಸಂಜೆಗೆ ಪಕ್ಕದ ಮನೆಯ ಉಚ್ಚಂಗಮ್ಮ ಕೂಸನ್ನು ನೋಡಲು ಬಂದರು.

ಉಚ್ಚಂಗಮ್ಮನವರು ಕೂಸಿನ ಮುಖ ನೋಡಿ ದೃಷ್ಟಿ ನೀವಾಳಿಸಿ, ಅದರ ಹೆಸರು ಕೇಳಿ ಮೆಚ್ಚಿಕೊಂಡರು. ತೀರಿಹೋದ ಅಜ್ಜನ ಹೆಸರು, ಉಜ್ಜನಪ್ಪ. ಹಲ್ಲಿಲ್ಲದ ಬೋಳುತಲೆಯ ಆ ಪುಟ್ಟ ಉಜ್ಜನಪ್ಪ ಅಜ್ಜನ ಹಾಗೆಯೇ ಎಲ್ಲರನ್ನೂ ಅನುಮಾನದಿಂದ ನೋಡುತ್ತಿದ್ದ. ಆಮೇಲೆ ಅವರ ಕಣ್ಣು ಜಯಶೀಲಾಳ ಮುಂಗೈಗೆ ಹೋಯಿತು.

"ಅಯ್ಯೋ ಶಂಕರಮ್ಮಾ, ಇದು ಮೈಲಿ ಅಲ್ಲ ಕಣ್ರೀ. ಮೈಲಿ ಮುಂಗೈಗೆ ಹಾಕ್ತಾರಾ? ಇದು ಕ್ಷಯದ ಸೂಜಿ. ನಮ್ಮಕ್ಕನ ಮಗಳಿಗೆ ದಾವಣಗೆರೇಲಿ ಹಾಕಿದ್ರು. ಬಾವು ಏಳದೇ ಇದ್ದೋರಿಗೆ ಔಷಧಿ ಸೂಜಿ ಕೊಡ್ತಾರೆ. ಎದ್ದೋರಿಗೆ, ನಿಮಗೆ ಬೇಡ ಹೋಗಿ ಅಂತ ಕಳಿಸ್ತಾರೆ. ಬೇಡ ಅಂದ್ರೆ ಏನು ಮತ್ತೆ? ಒಳಗೆ ಸೇರ್ಕೊಂಡಾಗಿದೆ, ಇನ್ನು ಹಾಕಿ ಉಪಯೋಗ ಇಲ್ಲ ಅಂತ ತಾನೆ?"

ಅರ್ಧ ಸುದ್ದಿ ಪೂರ್ತಿ ಸುಳ್ಳಿಗಿಂತ ಹೆಚ್ಚು ಹಾನಿ ಮಾಡುತ್ತದೆ. ಉಚ್ಚಂಗಮ್ಮ ಹೇಳಿದ ಒಂದೊಂದು ಸಂಗತಿಯೂ ನಿಜವೇ, ಕೊನೆಯ ಅರ್ಥವೊಂದನ್ನು ಬಿಟ್ಟು. ಶಂಕರಮ್ಮನವರ ಮುಖ ಬಿಳಿಚಿಕೊಂಡಿತು. ಎದ್ದು ಬಂದು, ಎದೆ ಚೀಪುತ್ತಿದ್ದ ಕೂಸನ್ನು ಸೊಸೆಯ ಮಡಿಲಿನಿಂದ ಎತ್ತಿಕೊಂಡರು. ಉಜ್ಜನಪ್ಪ ಬಾಯಿ ತೆರೆದುಕೊಂಡೇ ಅಜ್ಜಿಯ ಹೆಗಲಿಗೆ ಹೋದ, ಅಲ್ಲಿ ಹೋಗಿ ಕಿರುಚಿಕೊಂಡ.

ಮಾರನೆಯ ದಿನದಿಂದ ಜಯಶೀಲಾಳಿಗೆ ಹಿತ್ತಲ ಜಗಲಿಯಲ್ಲಿ ಬೇರೆ ತಟ್ಟೆ, ಬೇರೆ ಚೊಂಬು, ಬೇರೆ ಚಾಪೆ. ಮಗುವಿಗೆ ಒಳಲೆಯ ಮೂತಿಯಿಂದ ಹೊಯ್ಯುವ ಹಸುವಿನ ಹಾಲು. ಗಂಡ ಶಿವಯೋಗಪ್ಪ ಕಾರ್ಖಾನೆಯ ಶಿಫ್ಟು ಮುಗಿಸಿ ಬಂದವನು ತಾಯಿಗೂ ಹೆಂಡತಿಗೂ ನಡುವೆ ಬಾಗಿಲಲ್ಲಿ ನಿಂತು, "ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಮ್ಮಾ" ಎಂದು ನೋಡಿದ. "ಹೋಗು, ಊರಿಗೆಲ್ಲ ಡಂಗುರ ಹೊಡಿ. ನಾಳೆಯಿಂದ ನಮ್ಮನೆ ನೀರು ಯಾರೂ ಮುಟ್ಟಲ್ಲ" ಎಂದರು ತಾಯಿ. ಡಂಗುರದ ಅಗತ್ಯವೇನೂ ಇರಲಿಲ್ಲ. ಉಚ್ಚಂಗಮ್ಮ ಯಾರಿಗೂ ಹೇಳುವುದಿಲ್ಲವೆಂದು ಕೊರಳಿನ ಲಿಂಗ ಮುಟ್ಟಿ ಮಾತು ಕೊಟ್ಟಿದ್ದರಿಂದ ಸುದ್ದಿ ಇನ್ನೂ ಹೊಸಮನೆಯಲ್ಲಷ್ಟೇ ಇತ್ತು, ಹೊಳೆ ದಾಟಿ ಹಳೇನಗರಕ್ಕೆ ಹೋಗಿರಲಿಲ್ಲ.

ಜಯಶೀಲಾಳಿಗೆ ಅತ್ತೆಯ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಹೆದರಿಕೆ. ಉಚ್ಚಂಗಮ್ಮ ಹೇಳಿದ್ದು ನಿಜವಾಗಿದ್ದರೆ? ಕೂಸನ್ನು ಎತ್ತಿಕೊಂಡು ಮುದ್ದಿಸಿದ್ದೇ ಕೂಸಿಗೆ ವಿಷವಾಗಿದ್ದರೆ? ಹಾಗೆ ಯೋಚಿಸಿ ಅವಳೇ ಅಡಿಗೆಮನೆಯ ಬಾಗಿಲು ದಾಟಲಿಲ್ಲ. ಆದರೆ ಒಳಗೆ ಉಜ್ಜನಪ್ಪ ಅತ್ತಾಗಲೆಲ್ಲ ಅವಳ ಎದೆ ತಾನಾಗಿ ತುಂಬಿ ಕಲ್ಲಾಗುತ್ತಿತ್ತು, ರವಿಕೆ ಒದ್ದೆಯಾಗುತ್ತಿತ್ತು. ನೋವು ತಡೆಯಲಾಗದೆ ಹಿತ್ತಲ ಮೂಲೆಗೆ ಹೋಗಿ ಹಿಂಡಿ ದಾಸವಾಳದ ಬುಡಕ್ಕೆ ಚೆಲ್ಲಿ, ಕಣ್ಣೊರೆಸಿಕೊಂಡು ಬರುತ್ತಿದ್ದಳು.

ಶಂಕರಮ್ಮನವರಿಗೆ ಅದು ಕಾಣದೆ ಇರಲಿಲ್ಲ. ಅವರೂ ಹೆತ್ತವರೇ. ಬೆಳಿಗ್ಗೆ ಹೂವಿನವಳಿಂದ ಒಂದು ಮೊಳ ಮಲ್ಲಿಗೆ ಹೆಚ್ಚು ಕೊಂಡು ಜಗಲಿಯ ಮೇಲಿಟ್ಟರು. "ಎದೆಗೆ ಕಟ್ಕೋ ಜಯಾ. ಮಲ್ಲಿಗೆ ಕಟ್ಟಿದ್ರೆ ಹಾಲು ಬತ್ತುತ್ತೆ, ನೋವು ಕಮ್ಮಿಯಾಗುತ್ತೆ" ಎಂದು ಬೇರೆ ಕಡೆ ನೋಡುತ್ತಾ ಹೇಳಿದರು. ಆವತ್ತಿನಿಂದ ದಿನಾ ಬೆಳಿಗ್ಗೆ ಜಗಲಿಯ ಮೇಲೆ ಬಾಳೆಲೆಯ ತುಂಡಿನಲ್ಲಿ ಮಲ್ಲಿಗೆ ಬರುತ್ತಿತ್ತು. ಜಯಶೀಲಾ ಎಲೆಯನ್ನು ತೆಗೆದುಕೊಂಡು ಹೋಗುತ್ತಿದ್ದಳು, ಆಯಿತು ಅತ್ತೆ ಎನ್ನುತ್ತಿದ್ದಳು.

ವಾರ ಕಳೆಯುವುದರೊಳಗೆ ಉಜ್ಜನಪ್ಪನಿಗೆ ಭೇದಿ ಹಿಡಿಯಿತು. ಒಳಲೆಯ ಹಾಲು ಅವನಿಗೆ ಒಗ್ಗಲಿಲ್ಲ. ಎಷ್ಟು ಕಾಯಿಸಿದರೂ, ಎಷ್ಟು ತೊಳೆದರೂ, ಕುಡಿದದ್ದೆಲ್ಲ ನೀರಾಗಿ ಹೋಗುತ್ತಿತ್ತು. ದುಂಡಗಿದ್ದ ತೊಡೆಗಳು ಸಡಿಲವಾದವು, ಅಜ್ಜನಂಥ ಆ ಗತ್ತಿನ ನೋಟವೂ ಹೋಯಿತು. ಶಂಕರಮ್ಮ ಜಾಯಿಕಾಯಿ ತೇಯ್ದು ನೆಕ್ಕಿಸಿದರು, ಬಜೆ ತೇಯ್ದು ನೆಕ್ಕಿಸಿದರು. ಬಾಗಿಲ ಸಂದಿಯಿಂದ ಮಗನನ್ನು ನೋಡಿದ ಜಯಶೀಲಾಳಿಗೆ ಒಂದು ಮಾತು ಖಚಿತವಾಯಿತು. ತನಗೆ ಏನಾಗಿದೆಯೋ ಶಿವನೇ ಬಲ್ಲ, ಹೀಗೇ ನಡೆದರೆ ಮಾತ್ರ ತನಗಿಂತ ಮೊದಲು ಮಗು ಕೈಬಿಟ್ಟು ಹೋಗುತ್ತದೆ.

ಆ ಹೊತ್ತಿಗೆ ಸರಿಯಾಗಿ ಬಿ.ಸಿ.ಜಿ. ಜೀಪು ಮೈಕು ಕಟ್ಟಿಕೊಂಡು ಹೊಸಮನೆಗೆ ಬಂತು. ಜಯಶೀಲಾ ಅತ್ತೆಯನ್ನು ಕೇಳಲಿಲ್ಲ. "ನಾನು ಹೋಗಿ ಕೈ ತೋರಿಸ್ಕೊಂಡು ಬರ್ತೀನಿ. ಸಾಯೋದಾದ್ರೂ ತಿಳ್ಕೊಂಡು ಸಾಯ್ತೀನಿ" ಎಂದು ಸೆರಗು ಹೊದ್ದು ಹೊರಟೇಬಿಟ್ಟಳು. ಶಂಕರಮ್ಮ ಒಂದು ಕ್ಷಣ ನಿಂತು, ಕೂಸಿಗಾದರೂ ಔಷಧಿ ಸೂಜಿ ಸಿಕ್ಕಲಿ ಎಂದು ಅದನ್ನು ಎತ್ತಿಕೊಂಡು ಹಿಂದೆಯೇ ನಡೆದರು.

ಶಾಲೆಯ ಅಂಗಳ ತುಂಬಿ ಹೋಗಿತ್ತು. ಸೂಜಿಯವರು ಕೈ ಹಿಡಿಯುವುದು, ಸ್ಪಿರಿಟ್ಟು ಒರೆಸುವುದು, ಚುಚ್ಚುವುದು, ಮುಂದೆ ತಳ್ಳುವುದು, ಮಾತಿಗೆ ಪುರಸೊತ್ತಿಲ್ಲ. ಮೊದಲು ಉಜ್ಜನಪ್ಪನ ಮುಂಗೈಗೆ ಚುಚ್ಚಿದರು. ಅವನನ್ನು ಎತ್ತಿಕೊಂಡಿದ್ದ ಶಂಕರಮ್ಮನವರ ಕೈಯೂ ಅಲ್ಲೇ ಇತ್ತಲ್ಲ, ಅವರು ಬೇಡ ಬೇಡ ಎನ್ನುವುದರೊಳಗೆ ಅದಕ್ಕೂ ಚುಚ್ಚಿದ್ದಾಯಿತು. ಜಯಶೀಲಾ ತನ್ನ ಮುಂಗೈ ಚಾಚಿದಾಗ ಸೂಜಿಯವ ಕಂದುಗಟ್ಟಿದ್ದ ಗುರುತು ನೋಡಿ, "ನಿಮಗೆ ಆಗಲೇ ಆಗಿದೆಯಲ್ಲಮ್ಮ, ನಿಮಗೆ ಬೇಡ" ಎಂದ. ಉಚ್ಚಂಗಮ್ಮ ಹೇಳಿದ ಮಾತೇ ಅದು. "ಬೇಡ ಅಂದ್ರೆ?" ಎಂದು ಅವಳು ಕೇಳುವಷ್ಟರಲ್ಲಿ ಹಿಂದಿನವರು ನೂಕಿದರು. "ಮೂರು ದಿನ ಬಿಟ್ಟು ಬಾವು ಅಳೆದು ಓದ್ತೀವಿ, ಆವತ್ತು ಬನ್ನಿ, ಡಾಕ್ಟ್ರು ಇರ್ತಾರೆ, ಅವರನ್ನೇ ಕೇಳಿ" ಎಂದು ಅವನು ಆಗಲೇ ಮುಂದಿನ ಕೈ ಹಿಡಿದಿದ್ದ.

ಮಧ್ಯದ ದಿನಗಳಲ್ಲಿ ಜಯಶೀಲಾ ಮತ್ತೆ ಮತ್ತೆ ಮುಂಗೈಯ ಗುರುತು ನೋಡಿಕೊಂಡಳು. ಓದುವ ದಿನದ ಹಿಂದಿನ ಮಧ್ಯಾಹ್ನ ಅವಳು ಜಗಲಿಯಲ್ಲಿ ಉಂಡು ತಟ್ಟೆ ತೊಳೆಯುತ್ತಿದ್ದಾಗ ಅತ್ತೆ ಹಿತ್ತಲ ಬಾಗಿಲಿಗೆ ಬಂದರು. ಅವರ ಒಂದು ಕೈಯಲ್ಲಿ ಅವರ ತಟ್ಟೆ, ಇನ್ನೊಂದರಲ್ಲಿ ಅವರ ಚೊಂಬು. ಎರಡನ್ನೂ ಸೊಸೆಯ ತಟ್ಟೆಯ ಪಕ್ಕ ಇಟ್ಟು ಚಾಪೆಯ ತುದಿಯಲ್ಲಿ ಕೂತರು. ಎಡ ಮುಂಗೈ ಮೇಲಿನ ಸೆರಗು ಸರಿಸಿ ತೋರಿಸಿದರು. ಬಾವು ಹಳೆಯ ಬೆಳ್ಳಿ ರೂಪಾಯಿಯಷ್ಟು ಅಗಲವಾಗಿ ಎದ್ದಿತ್ತು.

"ನಂದು ನಿಂದಕ್ಕಿಂತ ದೊಡ್ಡದು ಕಣೇ" ಎಂದರು. ಧ್ವನಿ ಎಲ್ಲೋ ಒಳಗಿನಿಂದ ಬಂದಂತಿತ್ತು.

ಸುಳ್ಳು ಯಾಕೆ ಹೇಳಬೇಕು, ಜಯಶೀಲಾಳಿಗೆ ಮೊದಲು ಒಂದಿಷ್ಟು ತಣ್ಣಗಾಯಿತು. ಈಗ ಗೊತ್ತಾಯ್ತಾ ಎಂದುಕೊಂಡಳು. ಆದರೆ ಅತ್ತೆಯ ಗದ್ದ ನಡುಗುವುದನ್ನು ಕಂಡು ಆ ಖುಷಿ ಅಲ್ಲೇ ಸತ್ತಿತು.

"ನಮ್ಮಕ್ಕ ಜಗದಾಂಬಾ ಅಂತ ಇದ್ಲು" ಎಂದರು ಶಂಕರಮ್ಮ. "ಮದುವೆ ಗೊತ್ತಾಗಿತ್ತು, ಅಷ್ಟರಲ್ಲಿ ಕ್ಷಯ. ಹೀಗೇ ಹಿಂದಿನ ಜಗಲೀಲಿ ಹಾಕಿದ್ರು. ಗಂಜಿ ತಗೊಂಡು ಹೋಗೋಕೆ ಯಾರೂ ಒಪ್ತಿರ್ಲಿಲ್ಲ, ನಾನು ಚಿಕ್ಕೋಳು, ನನ್ನನ್ನೇ ಕಳಿಸ್ತಿದ್ರು. ಅವಳು ಅರ್ಧ ಕುಡಿದು ಮಿಕ್ಕಿದ್ದನ್ನ ನನಗೆ ಕುಡಿಸ್ತಿದ್ಲು, ಪಾಪ, ಪ್ರೀತಿಗೆ. ಅವಳ ಪಕ್ಕದಲ್ಲೇ ಮಲಗಿ ಕಥೆ ಕೇಳ್ತಿದ್ದೆ. ಅವಳು ಹೋದ್ಮೇಲೆ ಇಲ್ಲೀವರೆಗೂ ಒಂದು ದಿನ ನೆಮ್ಮದಿಯಿಂದ ಇದ್ದೋಳಲ್ಲ ನಾನು. ಒಂದು ಸೀನು ಬಂದ್ರೆ, ಇದೇ ಇರ್ಬೇಕು ಅಂದ್ಕೊಳ್ತಿದ್ದೆ. ಈಗ ನೋಡು, ಬಂತು. ಕೂಸಿಗೂ ಅಂಟಿಸ್ಬಿಟ್ನೇನೋ."

ಜಯಶೀಲಾ ಅತ್ತೆಯ ಮುಖವನ್ನೇ ನೋಡಿದಳು. ಮೂರು ಕೊಡ ನೀರು ಒಟ್ಟಿಗೆ ಹೊರುವ ಹೆಂಗಸು. ಬೆಳಿಗ್ಗೆ ತಾನೇ ಒನಕೆ ಹಿಡಿದು ಮೆಣಸಿನಕಾಯಿ ಕುಟ್ಟಿದವರು.

"ಅತ್ತೆ, ನಿಮಗೆ ಯಾವತ್ತಾದ್ರೂ ಬಿಡದೇ ಕೆಮ್ಮು ಬಂದಿತ್ತಾ? ರಕ್ತ, ಜ್ವರ?"

"ಒಗ್ಗರಣೆ ಘಾಟಿಗೆ ಕೆಮ್ಮಿದ್ದು ಬಿಟ್ರೆ ಎಂಥದೂ ಇಲ್ಲ."

"ಮತ್ತೆ ಇಷ್ಟು ವರ್ಷ ಅದು ನಿಮ್ಮೊಳಗೆ ಏನು ಮಾಡ್ತಿತ್ತು?"

ಅಷ್ಟರಲ್ಲಿ ಒಳಗೆ ಶಿವಯೋಗಪ್ಪ ಒಳಲೆ ಹಿಡಿಯಲು ಬಾರದೆ ಹಾಲನ್ನು ಕೂಸಿನ ಮೂಗಿಗೆ ಹೊಯ್ದಿರಬೇಕು, ಉಜ್ಜನಪ್ಪ ಕೆಮ್ಮಿ ಅಳಲು ಹತ್ತಿದ. ಸಣ್ಣ ಅಳು, ಕಸುವಿಲ್ಲದ ಅಳು. ಇಬ್ಬರು ಹೆಂಗಸರೂ ಎದ್ದು ಬಾಗಿಲವರೆಗೆ ಓಡಿದರು, ಇಬ್ಬರೂ ಹೊಸಿಲ ಈಚೆಗೇ ನಿಂತರು. ಜಯಶೀಲಾಳ ರವಿಕೆ ತೊಯ್ದು ಹೋಯಿತು. ಅತ್ತೆ ಅವಳ ಕೈ ಹಿಡಿದುಕೊಂಡರು. ಭದ್ರಾವತಿಗೆ ಬಂದ ಸಂಜೆಯಿಂದ ಅವಳನ್ನು ಮನೆಯಲ್ಲಿ ಯಾರೂ ಮುಟ್ಟಿರಲಿಲ್ಲ.

ಮಾರನೆಯ ದಿನ ಮೂವರೂ ಶಾಲೆಗೆ ಹೋದರು, ಕೂಸು ಶಿವಯೋಗಪ್ಪನ ಹೆಗಲ ಮೇಲೆ. ಡಾಕ್ಟರ್ ಗಣಪಯ್ಯ ಎನ್ನುವವರು ಮೇಜಿನ ಹಿಂದೆ ಸಣ್ಣ ಅಳತೆಪಟ್ಟಿ ಹಿಡಿದು ಕೂತಿದ್ದರು. ತೀರ್ಥಹಳ್ಳಿ ಕಡೆಯವರು, ಮೂಗಿನ ತುದಿಯಲ್ಲೇ ಸಿಟ್ಟು. ಜಯಶೀಲಾ ಶುಕ್ರವಾರದ ಕಥೆಯನ್ನೆಲ್ಲ ಹೇಳಿ, ಜಗಲಿ, ತಟ್ಟೆ, ಒಳಲೆ ಎಲ್ಲವನ್ನೂ ಹೇಳಿ ಮುಗಿಸಿದಾಗ ಅವರು ಅಳತೆಪಟ್ಟಿಯನ್ನು ಮೇಜಿನ ಮೇಲೆ ಬಡಿದರು.

"ಹಾಲು ಕುಡಿಯೋ ಮಗೂನ ಬಿಡಿಸಿದ್ರಾ? ಯಾರು ಹೇಳಿದ್ದು ನಿಮಗೆ?"

"ನಾನೇ ಡಾಕ್ಟ್ರೇ" ಎಂದು ಶಂಕರಮ್ಮ ಕೈ ಮುಂದೆ ಚಾಚಿದರು. "ಮೊದಲು ಇದನ್ನ ನೋಡಿ. ನನಗೆ ಎಷ್ಟು ದಿನ ಇದೆ ಅಂತ ಹೇಳಿಬಿಡಿ."

ಗಣಪಯ್ಯ ಬಾವನ್ನು ಬೆರಳಿನಿಂದ ಸವರಿ, ಅಳೆದು, ಆಮೇಲೆ ಸ್ಟೆತಾಸ್ಕೋಪು ತೆಗೆದುಕೊಂಡು ಇಬ್ಬರ ಬೆನ್ನೂ ಎದೆಯೂ ಕೇಳಿದರು. ಕೆಮ್ಮು, ಸಂಜೆ ಜ್ವರ, ತೂಕ ಇಳಿದದ್ದು, ಎಲ್ಲ ವಿಚಾರಿಸಿದರು. ಅವರ ಸಿಟ್ಟು ಎಲ್ಲೋ ಇಳಿದಿತ್ತು.

"ನಿಮ್ಮ ಬೀದೀಲಿ ನಾಯಿ ಇದೆಯೇನಮ್ಮಾ?"

"ಇದೆ."

"ಒಂದ್ಸಲ ಕಳ್ಳ ಬಂದಿದ್ದ, ನಾಯಿ ಅವನನ್ನ ಹಿಡಿದು ಕಚ್ಚಿ ಮೂಲೆಗೆ ಅಟ್ತು ಅನ್ಕೊಳ್ಳಿ. ಅವನ ವಾಸನೆ ಅದು ಮರೆಯುತ್ತಾ? ಮರೆಯಲ್ಲ. ಆಮೇಲೆ ಯಾವತ್ತೋ ಒಂದು ದಿನ ಕಳ್ಳನ ಹರಕು ಅಂಗಿ ಮಾತ್ರ ಅಂಗಳಕ್ಕೆ ಎಸೆದ್ರೆ ಏನು ಮಾಡುತ್ತೆ?"

"ಬೊಗಳುತ್ತೆ."

"ಮೊನ್ನೆ ನಾವು ಚುಚ್ಚಿದ್ದು ಆ ಅಂಗಿ. ಕ್ಷಯದ ಕ್ರಿಮಿ ಅದರಲ್ಲಿ ಇಲ್ಲ, ಸತ್ತ ಕ್ರಿಮಿಯ ಸಾರ ಅಷ್ಟೆ. ನಿಮ್ಮ ರಕ್ತದಲ್ಲಿರೋ ಕಾವಲಿನ ಕಣಗಳು ಗುರುತು ಹಿಡಿದು ಓಡಿ ಬಂದು ಅಲ್ಲಿ ಗುಂಪು ಕಟ್ಟಿವೆ. ಈ ಬಾವು ಅಂದ್ರೆ ಅವುಗಳ ಬೊಗಳಾಟ. ಯಾವತ್ತೋ ಕ್ರಿಮಿ ನಿಮ್ಮ ಮೈಗೆ ಹೊಕ್ಕಿತ್ತು, ಮೈ ಅದನ್ನ ಹಿಡಿದು ಕಟ್ಟಿಹಾಕಿದೆ. ಔಷಧಿ ಸೂಜಿ ನಿಮಗೆ ಬೇಡ ಅಂದದ್ದು ಅದಕ್ಕೇ. ಅದು ಕಲಿಸೋ ಪಾಠವನ್ನ ನಿಮ್ಮ ಮೈ ಆಗಲೇ ಕಲಿತಾಗಿದೆ. ಇಡೀ ಭದ್ರಾವತೀಲಿ ದೊಡ್ಡೋರ ಕೈ ನೋಡಿದ್ರೆ ಅರ್ಧಕ್ಕರ್ಧ ಹೀಗೇ ಏಳುತ್ತೆ. ಅವರನ್ನೆಲ್ಲ ಜಗಲೀಲಿ ಮಲಗಿಸ್ತೀರಾ?"

ಶಂಕರಮ್ಮ ಬಾವಿನ ಮೇಲೆ ಇನ್ನೊಂದು ಕೈ ಇಟ್ಟುಕೊಂಡರು. "ಹಾಗಾದ್ರೆ ನಮ್ಮಕ್ಕನ ಗಂಜಿ ಕುಡಿದಾಗಲೇ..."

"ಆಗಲೇ ಇರ್ಬೇಕು. ನಿಮ್ಮ ಮೈ ಅವತ್ತೇ ಗೆದ್ದಿದೆ. ನೀವು ಹೆದರಿಕೊಂಡೇ ಕೂತ್ರಿ, ಅದು ತನ್ನ ಪಾಡಿಗೆ ಕಾವಲು ಕಾಯ್ತಾನೇ ಇತ್ತು. ಕಾವಲಿದೆ ಅಂತ ಪೂರಾ ಮೈಮರೀಬೇಡಿ. ಮುಂದೆ ವಾರಗಟ್ಲೆ ಕೆಮ್ಮು ನಿಲ್ಲದಿದ್ರೆ ಆಸ್ಪತ್ರೆಗೆ ಬನ್ನಿ. ಈಗ ಇಬ್ಬರಿಗೂ ರೋಗದ ಚಿಹ್ನೆ ಒಂದೂ ಇಲ್ಲ."

ಎಷ್ಟೋ ವರ್ಷದಿಂದ ಬಿಗಿಹಿಡಿದಿದ್ದ ಉಸಿರನ್ನು ಬಿಟ್ಟವರಂತೆ ಶಂಕರಮ್ಮ ಅಲ್ಲೇ ಬೆಂಚಿನ ಮೇಲೆ ಕೂತು, ಜನರ ಮುಂದೆಯೇ ಗೊಳೋ ಎಂದು ಅತ್ತರು. ಅದು ದುಃಖದ ಅಳುವಲ್ಲ ಎಂದು ನೋಡಿದವರಿಗೆಲ್ಲ ಗೊತ್ತಾಗುತ್ತಿತ್ತು.

ಉಜ್ಜನಪ್ಪನ ಮುಂಗೈ ಮಾತ್ರ ನುಣ್ಣಗೆ ಬರಿದಾಗಿತ್ತು. ಡಾಕ್ಟರು ಅದನ್ನು ತೋರಿಸಿ, "ಇವನ ನಾಯಿ ಇನ್ನೂ ಕಳ್ಳನ್ನ ಕಂಡಿಲ್ಲ. ಇವನಿಗೇ ಬೇಕಾದ್ದು" ಎಂದು ಎಡ ತೋಳಿಗೆ ಬಿ.ಸಿ.ಜಿ. ಹಾಕಿದರು. "ಇಲ್ಲಿ ಕೆಲವು ವಾರಕ್ಕೆ ಗುಳ್ಳೆ ಏಳುತ್ತೆ, ಒಡೆದು ವಾಸಿಯಾಗುತ್ತೆ. ಅರಿಸಿನ, ಸುಣ್ಣ, ಏನೂ ಮೆತ್ತಬೇಡಿ. ಭೇದಿ ಅಂದ್ರಲ್ಲ, ಅದಕ್ಕೆ ಮದ್ದು ನನ್ನ ಹತ್ರ ಇಲ್ಲ, ಇವಳ ಹತ್ರ ಇದೆ. ತಾಯಿ ಹಾಲಲ್ಲಿ ತಾಯಿ ಮೈಯ ಕಾವಲೂ ಮಗುವಿನ ಹೊಟ್ಟೆಗೆ ಹೋಗುತ್ತೆ. ಹಾಲು ಇನ್ನೂ ಇದೆ ತಾನೆ? ಕೊಡು ಮಾರಾಯ್ತಿ, ಈಗಲೇ ಕೊಡು."

ಶಾಲೆಯ ಹಿಂದೆ ಹೊಂಗೆ ಮರದ ಬುಡದಲ್ಲಿ ಜಯಶೀಲಾ ಕೂತಳು. ಶಂಕರಮ್ಮ ತಮ್ಮ ಸೆರಗನ್ನು ಎರಡೂ ಕೈಯಲ್ಲಿ ಅಗಲವಾಗಿ ಹಿಡಿದು ಮರೆಯಾಗಿ ನಿಂತರು. ಶಿವಯೋಗಪ್ಪ ಮಗುವನ್ನು ಅವಳ ಮಡಿಲಿಗಿಟ್ಟು ಅತ್ತ ತಿರುಗಿದ. ಉಜ್ಜನಪ್ಪನಿಗೆ ಮರೆತೇ ಹೋಗಿತ್ತು. ಬಾಯಿಟ್ಟು ಬಿಟ್ಟ, ಮುಖ ತಿರುಗಿಸಿದ, ಒಳಲೆ ಎಲ್ಲಿ ಎಂಬಂತೆ ಕಾಲು ಝಾಡಿಸಿ ಅತ್ತ. ಇಷ್ಟೆಲ್ಲ ಆಗಿ ಇವನೇ ಒಲ್ಲೆ ಎಂದುಬಿಟ್ಟರೆ? ಜಯಶೀಲಾ ಒಂದು ಹನಿ ಹಿಂಡಿ ಅವನ ತುಟಿಗೆ ತಾಗಿಸಿದಳು. ಅವನು ಅಳು ನಿಲ್ಲಿಸಿ ರುಚಿ ನೋಡಿದ, ಹುಬ್ಬು ಗಂಟಿಕ್ಕಿ ಯೋಚಿಸಿದ, ಆಮೇಲೆ ಗಬಕ್ಕನೆ ಬಾಯಿ ಹಾಕಿದ. ಗುಟುಕು ಗುಟುಕಾಗಿ ನುಂಗುವ ಸದ್ದು ಸೆರಗಿನಾಚೆಗೂ ಕೇಳಿಸಿತು.

ಶಂಕರಮ್ಮ ಬಗ್ಗಿ ನೋಡಿದರು. ಮಗುವಿನ ಬಾಯಿಯ ಅಂಚಿನಿಂದ ಹಾಲು ಉಕ್ಕಿ ಕೆನ್ನೆಯ ಮೇಲೆ ಹರಿಯುತ್ತಿತ್ತು.

"ಇಷ್ಟೊಂದು ಹಾಲು ಹೇಗೆ ಉಳೀತೇ? ದಿನಾ ಮಲ್ಲಿಗೆ ಕೊಟ್ಟಿದ್ನಲ್ಲ, ಕಟ್ಕೊಳ್ಲಿಲ್ವಾ?"

ಜಯಶೀಲಾ ತಲೆ ಎತ್ತಲಿಲ್ಲ. "ಇಲ್ಲ ಅತ್ತೆ. ಪೂಜೆ ಹೊತ್ತಿಗೆ ನನ್ನ ಕೊರಳ ಲಿಂಗಕ್ಕೆ ಏರಿಸ್ಬಿಡ್ತಿದ್ದೆ. ನಿಮ್ಮ ಮಾತು ಮೀರಿಬಿಟ್ಟೆ."

ಸೆರಗು ಹಿಡಿದಿದ್ದ ಕೈಗಳು ನೋಯುತ್ತಿದ್ದರೂ ಶಂಕರಮ್ಮ ಕೆಳಗಿಳಿಸಲಿಲ್ಲ.

"ಮೀರಿದ್ದೇ ಒಳ್ಳೇದಾಯ್ತು ಮಾರಾಯ್ತಿ. ಅವನು ಹೊಟ್ಟೆ ತುಂಬ ಕುಡೀಲಿ. ನಾನು ಹೀಗೇ ನಿಂತಿರ್ತೀನಿ" ಎಂದರು.